ನಾಯಿಗೊಬ್ಬ ಮೇಷ್ಟ್ರು

ಮೂಡಿಗೆರೆ ಪೇಟೆಯಲ್ಲಿ ಒಂದು ಕ್ಷೌರದಂಗಡಿ ತೆರೆಯಬೇಕಾದರೆ ಪಟ್ಟಣ ಪಂಚಾಯಿತಿಯ ಪರವಾನಗಿ ಬೇಕು. ಕಳಸದ ತಿರುವುಗಳಲ್ಲಿ ಜೀಪು ಓಡಿಸುವವನ ಜೇಬಿನಲ್ಲಿ ಲೈಸೆನ್ಸ್ ಇರಬೇಕು. ಗೊಬ್ಬರ, ಕ್ರಿಮಿನಾಶಕ ಮಾರುವವರ ಅಂಗಡಿಯಲ್ಲಿ ಇಲಾಖೆಯ ಪತ್ರ ಇರಬೇಕು. ನಾಯಿಗೆ ಸೂಜಿ ಚುಚ್ಚುವ ಡಾಕ್ಟರು ಐದು ವರ್ಷಕ್ಕೂ ಹೆಚ್ಚು ಓದಿ, ಪಶುವೈದ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಆದರೆ ಅದೇ ನಾಯಿಗೆ ಬುದ್ಧಿ ಕಲಿಸುತ್ತೇನೆಂದು ಬೋರ್ಡು ತಗುಲಿಸಲು ಯಾರ ಅಪ್ಪಣೆಯೂ ಬೇಡ. ಇವತ್ತು ಬೆಳಿಗ್ಗೆ ಮನಸ್ಸಾದರೆ ಸಂಜೆಯ ಹೊತ್ತಿಗೆ ನೀವೂ ತರಬೇತುದಾರರಾಗಬಹುದು, ನಾವೂ ಆಗಬಹುದು.

ಈ ಸಂಗತಿ ನಮಗೆ ತಿಳಿದದ್ದು ನಮ್ಮ ನಾಯಿಗೊಬ್ಬ ಮೇಷ್ಟ್ರನ್ನು ಹುಡುಕಲು ಹೊರಟಾಗ. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆಗೆ ಹೋಗುವ ದಾರಿಯಿಂದ ಒಳಗೆ ನಮ್ಮದೊಂದು ಸಣ್ಣ ಕಾಫಿ ತೋಟ. ಬೆಂಗಳೂರಿನ ಬಂಧುಗಳೊಬ್ಬರು ಫ್ಲಾಟು ಬದಲಿಸುವಾಗ ತಮ್ಮ ನಾಯಿಯನ್ನು ತಂದು ನಮ್ಮಲ್ಲಿ ಬಿಟ್ಟುಹೋದರು. ಜರ್ಮನ್ ಶೆಫರ್ಡ್ ಬೆರಕೆ, ಹೆಸರು ರಾಕಿ, ವಯಸ್ಸು ಹತ್ತು ತಿಂಗಳು. ಹತ್ತು ತಿಂಗಳೂ ನಾಲ್ಕನೇ ಮಹಡಿಯಲ್ಲಿ ಬೆಳೆದ ಜೀವಿ. ಅದಕ್ಕೆ ದನ ಗೊತ್ತಿಲ್ಲ, ಕೋಳಿ ಗೊತ್ತಿಲ್ಲ, ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಡೆದುಬರುವ ಮನುಷ್ಯರು ಗೊತ್ತಿಲ್ಲ. ಕಂಡದ್ದಕ್ಕೆಲ್ಲ ಬೊಗಳಿ ಮೈಮೇಲೆ ಏರಿಹೋಗುತ್ತಿತ್ತು. ಬಿಟ್ಟರೆ ತೋಟದೊಳಗೆ ನುಗ್ಗಿದ್ದು ಕರೆದರೆ ಬರುವುದಿಲ್ಲ.

ಊರಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ನಾಯಿಗೂ ಟ್ಯೂಷನ್ನೇ ಎಂದು ನಮ್ಮ ಮುಖದ ಮೇಲೆಯೇ ಕೇಳಿದವರಿದ್ದಾರೆ. ಅವರ ಮಾತಿನಲ್ಲೂ ಅರ್ಥವಿದೆ. ಮಲೆನಾಡಿನಲ್ಲಿ ನಾಯಿ ಸಾಕುವುದು ಹೊಸತೇನಲ್ಲ. ಇಲ್ಲಿ ನಾಯಿ ಹುಟ್ಟಿದ್ದು ಅಂಗಳದಲ್ಲಿ, ಬೆಳೆದದ್ದು ಕಾಫಿ ಕಣದಲ್ಲಿ. ದನದ ಜೊತೆ, ಆಳುಗಳ ಜೊತೆ, ಮಕ್ಕಳ ಜೊತೆ, ಬೇರೆ ನಾಯಿಗಳ ಜೊತೆ ಓಡಾಡಿಕೊಂಡು ಯಾವುದು ನಮ್ಮದು ಯಾವುದು ಹೊರಗಿನದು ಎಂದು ತಾನೇ ಕಲಿಯುತ್ತಿತ್ತು. ಮೂಡಿಗೆರೆಯಲ್ಲೇ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರ ಕಿವಿ ಎಂಬ ನಾಯಿಯನ್ನು ‘ಕರ್ವಾಲೊ’, ‘ಪರಿಸರದ ಕತೆ’ ಓದಿದವರೆಲ್ಲ ಬಲ್ಲರು. ಒಡೆಯನ ಹಿಂದೆ ದಿನವಿಡೀ ಕಾಡು ತೋಟ ಸುತ್ತುವುದೇ ಅಂಥ ನಾಯಿಗಳ ಶಾಲೆ. ಈಗ ಆ ಶಾಲೆ ಬಹುಮಟ್ಟಿಗೆ ಮುಚ್ಚಿದೆ. ಬಿಟ್ಟರೆ ಚಿರತೆ ಹೊತ್ತೊಯ್ಯುತ್ತದೆ, ಹಂದಿಗೆಂದು ಕದ್ದು ಕಟ್ಟಿದ ಉರುಳಿಗೆ ಸಿಗುತ್ತದೆ, ಇಲ್ಲವೇ ವಾರಾಂತ್ಯಕ್ಕೆ ಹೋಂಸ್ಟೇ ಹುಡುಕಿಕೊಂಡು ಬರುವವರ ಕಾರಿನ ಅಡಿಗೆ ಬೀಳುತ್ತದೆ. ಹಾಗಾಗಿ ಹಗಲೆಲ್ಲ ಸರಪಳಿ, ರಾತ್ರಿ ಗೂಡು. ಕಟ್ಟಿಹಾಕಿದ ನಾಯಿ ಕಲಿಯುವುದೊಂದೇ, ಸಿಟ್ಟು.

ಅದಕ್ಕಿಂತ ದೊಡ್ಡ ಭಯ ಆನೆಯದು. 2022ರ ನವೆಂಬರಿನಲ್ಲಿ ನಮ್ಮ ತಾಲ್ಲೂಕಿನ ಹುಲ್ಲೆಮನೆ ಕುಂದೂರಿನಲ್ಲಿ ಮಹಿಳೆಯೊಬ್ಬರು ಆನೆ ದಾಳಿಗೆ ಬಲಿಯಾದದ್ದು, ಜನ ರೊಚ್ಚಿಗೆದ್ದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆನೆ ಇರುವ ಕಡೆ ನಾಯಿ ಎರಡು ಅಲಗಿನ ಕತ್ತಿ. ಮನೆಯ ಬಳಿ ನಿಂತು ಬೊಗಳಿದರೆ ಮುನ್ನೆಚ್ಚರಿಕೆ. ಓಡಿಹೋಗಿ ಆನೆಯನ್ನು ಕೆಣಕಿ, ಅದು ಅಟ್ಟಿಸಿಕೊಂಡು ಬಂದಾಗ ಬಾಲ ಮುದುರಿ ನಮ್ಮ ಕಾಲ ಬಳಿಗೇ ಓಡಿಬಂದರೆ, ಹಿಂದೆ ಬರುವುದು ಯಾರೆಂದು ಹೇಳಬೇಕಾಗಿಲ್ಲ. ಕರೆದಾಗ ಬರುವ ನಾಯಿ ಇಲ್ಲಿ ಶೋಕಿಯ ವಿಷಯವಲ್ಲ.

ಸರಿ, ಯಾರ ಹತ್ತಿರ ಕಲಿಸುವುದು? ಮೊದಲು ಕಾನೂನು ಏನು ಹೇಳುತ್ತದೆಂದು ವಿಚಾರಿಸಿದೆವು. ವಕೀಲ ಮಿತ್ರರೊಬ್ಬರು ಪುಸ್ತಕ ತೆರೆದು ತೋರಿಸಿದ್ದು ಸ್ವಾರಸ್ಯವಾಗಿತ್ತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಟಿಕೆಟ್ಟು ಇಟ್ಟು ಜನರಿಗೆ ತೋರಿಸುವ ಆಟಕ್ಕಾಗಿ ಪ್ರಾಣಿಗೆ ಕಲಿಸುವವನು ನೋಂದಣಿ ಮಾಡಿಸಬೇಕು. ಅದಕ್ಕೆ 2001ರಲ್ಲಿ ಬೇರೆ ನಿಯಮಗಳೂ ಬಂದವು. ನಾಯಿಮರಿ ಹುಟ್ಟಿಸಿ ಮಾರುವವರಿಗೆ 2017ರ ನಿಯಮಗಳಿವೆ. ಸಾಕುಪ್ರಾಣಿಗಳ ಅಂಗಡಿಗೆ 2018ರ ನಿಯಮಗಳಿವೆ. ಸರ್ಕಸ್ಸಿನ ನಾಯಿಯ ಮೇಷ್ಟ್ರಿಗೆ ಕಾಗದ ಬೇಕು, ಮಕ್ಕಳಿರುವ ಮನೆಯ ನಾಯಿಯ ಮೇಷ್ಟ್ರಿಗೆ ಬೇಡ! ಹೊಡೆದು ಬಡಿದು ಹಿಂಸಿಸಿದರೆ ಅದೇ 1960ರ ಕಾಯ್ದೆಯಲ್ಲಿ ಶಿಕ್ಷೆ ಇದೆ. ಮೊದಲ ಸಲದ ತಪ್ಪಿಗೆ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿವರೆಗೆ ದಂಡ. ಮೂಡಿಗೆರೆಯ ಹೋಟೆಲಿನಲ್ಲಿ ಇಬ್ಬರು ಮಸಾಲೆದೋಸೆ ತಿಂದು ಕಾಫಿ ಕುಡಿದರೆ ಅದಕ್ಕಿಂತ ಹೆಚ್ಚಾಗುತ್ತದೆ.

ಹಾಗೆಂದು ಹೊಣೆ ಯಾರಿಗೂ ಇಲ್ಲವೆಂದಲ್ಲ. ನಾಯಿ ಯಾರನ್ನಾದರೂ ಕಚ್ಚಿದರೆ, ಅದನ್ನು ಇಟ್ಟುಕೊಂಡವರು ಸಾಕಷ್ಟು ಎಚ್ಚರ ವಹಿಸಲಿಲ್ಲವೆಂದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆಮನೆ, ಐದು ಸಾವಿರದವರೆಗೆ ದಂಡ. ಕಲಿಸಿದವನು ಅಷ್ಟರಲ್ಲಿ ಇನ್ನೊಂದು ಊರಿನಲ್ಲಿ ಇನ್ನೊಂದು ನಾಯಿಗೆ ಕಲಿಸುತ್ತಿರುತ್ತಾನೆ. 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಇಪ್ಪತ್ತಮೂರು ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದೆಂದು ಕರ್ನಾಟಕ ಹೈಕೋರ್ಟು ಮರುತಿಂಗಳೇ ಅದನ್ನು ರದ್ದುಗೊಳಿಸಿತು. ಗಲಾಟೆ ನಡೆದದ್ದೆಲ್ಲ ತಳಿಯ ಬಗ್ಗೆ. ಆ ನಾಯಿಗಳಿಗೆ ಯಾರು, ಏನು ಕಲಿಸುತ್ತಿದ್ದಾರೆಂದು ಕೇಳಿದವರನ್ನು ನಾವು ಕಾಣಲಿಲ್ಲ.

ಇದು ನಮ್ಮ ದೇಶದ ಕತೆ ಮಾತ್ರವಲ್ಲ. ಅಮೆರಿಕದಲ್ಲೂ ಈ ಕೆಲಸಕ್ಕೆ ಕಡ್ಡಾಯ ಪರವಾನಗಿ ಇಲ್ಲ. ಅಲ್ಲಿ 2001ರಿಂದ ಒಂದು ಪರೀಕ್ಷೆ ನಡೆಯುತ್ತಿದೆ, ಇಷ್ಟವಿದ್ದವರು ಬರೆಯಬಹುದು. ಜರ್ಮನಿ ಮಾತ್ರ 2014ರ ಆಗಸ್ಟಿನಿಂದ ಹಣ ಪಡೆದು ನಾಯಿಗೆ ಕಲಿಸುವವರು ಸ್ಥಳೀಯ ಅಧಿಕಾರಿಗಳ ಅನುಮತಿ ಪಡೆಯಬೇಕೆಂದು ವಿಧಿಸಿತು. ನಾವು ಜರ್ಮನಿಯ ನಾಯಿ ತರಿಸಿಕೊಂಡೆವು, ಜರ್ಮನಿಯ ಕಾನೂನು ತರಿಸಿಕೊಳ್ಳಲಿಲ್ಲ.

ನಾವು ಒಟ್ಟು ನಾಲ್ವರನ್ನು ನೋಡಿದೆವು. ಮೊದಲನೆಯವರು ಚಿಕ್ಕಮಗಳೂರಿಗೆ ವಾರಕ್ಕೊಮ್ಮೆ ಬರುವವರು. ಕಾರಿನಿಂದ ಇಳಿದವರೇ ಲ್ಯಾಮಿನೇಷನ್ ಮಾಡಿಸಿದ ಪ್ರಮಾಣಪತ್ರ ತೋರಿಸಿದರು. ಕೊಟ್ಟವರ ಹೆಸರು ದೊಡ್ಡದಾಗಿತ್ತು, ವಿಳಾಸ ಇರಲಿಲ್ಲ. “ನಾಯಿಯನ್ನು ನನ್ನ ಹತ್ತಿರ ಬಿಡಿ. ಇಪ್ಪತ್ತೊಂದು ದಿನ. ನಂತರ ನಿಮ್ಮ ನಾಯಿಯನ್ನು ನೀವೇ ಗುರುತು ಹಿಡಿಯುವುದಿಲ್ಲ, ಗ್ಯಾರಂಟಿ” ಎಂದರು. ನಡುವೆ ಬಂದು ನೋಡಬಹುದೇ ಎಂದು ಕೇಳಿದೆವು. ಮನೆಯವರು ಕಂಡರೆ ನಾಯಿಯ ಗಮನ ಕೆಡುತ್ತದೆ, ಬರಬಾರದು ಎಂದರು. ನಾಯಿ ತಪ್ಪು ಮಾಡಿದಾಗ ಏನು ಮಾಡುತ್ತೀರಿ ಎಂದದ್ದಕ್ಕೆ “ಅದು ನಮ್ಮ ಸೀಕ್ರೆಟ್” ಎಂದು ನಕ್ಕರು. ಮಗುವನ್ನು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಹೀಗೆ ಅಂದರೆ ಯಾರಾದರೂ ಸೇರಿಸುತ್ತಾರೆಯೇ? ಬಾಯಿಲ್ಲದ ಪ್ರಾಣಿಯಾದರೆ ಇನ್ನೂ ಕಷ್ಟ. ಇಪ್ಪತ್ತೊಂದು ದಿನ ಏನಾಯಿತೆಂದು ಅದು ಮನೆಗೆ ಬಂದು ಹೇಳುವುದಿಲ್ಲ. ನಾಯಿ ಸುಮ್ಮನಾಗಿದ್ದರೆ ಕಲಿತು ಸುಮ್ಮನಾಗಿದೆಯೋ ಹೆದರಿ ಸುಮ್ಮನಾಗಿದೆಯೋ ತಿಳಿಯುವುದು ಹೇಗೆ?

ಎರಡನೆಯವರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕಾಫಿಯ ಬೆಲೆ ಏರಿದ ಮೇಲೆ ಕಣದಿಂದ ಮೂಟೆ ಎತ್ತಿಕೊಂಡು ಹೋಗುವವರ ಕಾಟ ಹೆಚ್ಚಿದೆ. ಅದರ ಜೊತೆಗೇ ಕಾವಲುನಾಯಿ ತಯಾರು ಮಾಡಿಕೊಡುವವರೂ ಹೆಚ್ಚಿದ್ದಾರೆ. ಇವರು ತಮ್ಮ ಕೆಲಸ ತೋರಿಸುತ್ತೇನೆಂದು ಒಂದು ತೋಟಕ್ಕೆ ನಮ್ಮನ್ನು ಕರೆದರು. ಅಲ್ಲಿ ಲೈನ್ ಮನೆಯಲ್ಲಿದ್ದ ಅಸ್ಸಾಮಿನ ಹುಡುಗನೊಬ್ಬನ ಕೈಗೆ ದಪ್ಪನೆಯ ಗೋಣಿಪಟ್ಟಿ ಸುತ್ತಿ, ಹರಕು ಅಂಗಿ ತೊಡಿಸಿ, ತಲೆಗೊಂದು ಟವೆಲು ಕಟ್ಟಿದ್ದರು. ಅವನು ‘ಕಳ್ಳ’. ಅವನು ಕೋಲು ಬೀಸುತ್ತ ಬಂದ, ನಾಯಿ ಹಾರಿ ತೋಳು ಹಿಡಿಯಿತು. ಸುತ್ತ ನಿಂತವರು ಚಪ್ಪಾಳೆ ಹೊಡೆದರು. “ನೋಡಿ, ಇಂಥ ಡ್ರೆಸ್ಸಿನವರನ್ನು ಕಂಡರೆ ಸಾಕು, ಬಿಡುವುದೇ ಇಲ್ಲ” ಎಂದರು ತರಬೇತುದಾರರು.

ಈಗ ಬಿಡಿಸಿ ಎಂದೆವು ನಾವು. ಅವರು ಬಿಡು ಎಂದು ಕೂಗಿದರು. ನಾಯಿ ಬಿಡಲಿಲ್ಲ. ಮೂವರು ಸೇರಿ, ಕೊರಳಪಟ್ಟಿ ತಿರುಚಿ ಉಸಿರು ಕಟ್ಟಿಸಿ ಬಿಡಿಸಬೇಕಾಯಿತು. ಹುಡುಗ ನಗುತ್ತಲೇ ಇದ್ದ, ಆದರೆ ಕೈ ನಡುಗುತ್ತಿತ್ತು. ಅವನಿಗೆ ಆ ದಿನದ ಕೂಲಿಯ ಮೇಲೆ ಇನ್ನೂರು ರೂಪಾಯಿ ಎಂದು ಆಮೇಲೆ ತಿಳಿಯಿತು.

ನಮ್ಮ ತೋಟಕ್ಕೆ ಹರಕು ಅಂಗಿಯಲ್ಲಿ, ತಲೆಗೆ ಟವೆಲು ಕಟ್ಟಿಕೊಂಡು ಬರುವವರು ಯಾರು? ಹಣ್ಣು ಕೊಯ್ಯುವವರು, ಮರಗಸಿ ಮಾಡುವವರು, ಮೆಣಸಿನ ಬಳ್ಳಿಗೆ ಏಣಿ ಹೊತ್ತು ಬರುವವರು. ಕೂಲಿಗೆ ಹೋದ ತಾಯಿಗೆ ಬುತ್ತಿ ಕೊಡಲು ಓಡಿಬರುವ ಮಕ್ಕಳು. ಕಾಫಿ ಕದಿಯುವವನು ಈಗ ಪ್ಯಾಂಟು ಹಾಕಿಕೊಂಡು ಪಿಕಪ್ ಗಾಡಿಯಲ್ಲಿ ಬರುತ್ತಾನೆ. ನಾಯಿಗೆ ಬಡತನದ ಉಡುಪನ್ನೇ ಕಳ್ಳತನದ ಗುರುತು ಎಂದು ಕಲಿಸಿಕೊಟ್ಟರೆ ಅದು ಬೇರೆ ಏನನ್ನು ಕಚ್ಚೀತು? ಮನುಷ್ಯರಿಗೆ ಈ ಪಾಠ ಬೇಕಾದಷ್ಟು ಜನ ಹೇಳಿಕೊಡುತ್ತಿದ್ದಾರೆ. ಸಾಲದೆಂದು ನಾಯಿಗೂ ಏಕೆ?

ಅವರೇ ಹೊರಡುವಾಗ ಚೀಲದಿಂದ ರಿಮೋಟಿನ ಪಟ್ಟಿಯೊಂದನ್ನು ತೆಗೆದು ತೋರಿಸಿದರು. ಕೊರಳಿಗೆ ಕಟ್ಟಿ ಗುಂಡಿ ಒತ್ತಿದರೆ ಕರೆಂಟು ಹೊಡೆಯುತ್ತದೆ. ವೇಲ್ಸ್ ದೇಶದಲ್ಲಿ 2010ರಲ್ಲೇ ಇದರ ಬಳಕೆಯನ್ನು ನಿಷೇಧಿಸಿದ್ದಾರೆ. ಇಲ್ಲಿ ಮನೆಯ ಬಾಗಿಲಿಗೇ ತಂದುಕೊಡುತ್ತಾರೆ.

ಮೂರನೆಯವರು ಹಿರಿಯರು, ನಾಯಿಗಳ ಜೊತೆ ಸರಕಾರಿ ನೌಕರಿ ಮಾಡಿ ನಿವೃತ್ತರಾದವರು. ಸಭ್ಯರು, ದುಡ್ಡಿನ ಆಸೆ ಇಲ್ಲದವರು. ಆದರೆ ಎಲ್ಲದಕ್ಕೂ ಅವರದು ಒಂದೇ ಸೂತ್ರ, “ಧಣಿ ಯಾರೆಂದು ನಾಯಿಗೆ ಗೊತ್ತಾಗಬೇಕು.” ನಾಯಿಗಿಂತ ಮೊದಲು ನಾವು ಉಣ್ಣಬೇಕು, ಬಾಗಿಲಲ್ಲಿ ನಾವು ಮುಂದೆ ಹೋಗಬೇಕು, ಗುರುಗುಟ್ಟಿದರೆ ಅಂಗಾತ ಕೆಡವಿ ಹಿಡಿಯಬೇಕು. ಧಣಿ ಎಂಬ ಪದ ಮಲೆನಾಡಿನ ಕಿವಿಗೆ ಹಳೆಯದು. ಆದರೆ ನಾಯಿ ತರಬೇತಿಗೆ ಅದು ಬಂದದ್ದು ತೋಳಗಳ ಮೂಲಕ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ, ಅವು ಯಜಮಾನಿಕೆಗಾಗಿ ಕಾದಾಡುತ್ತವೆಂದು ಬರೆದರು. ಡೇವಿಡ್ ಮೆಕ್ ಎಂಬ ಅಮೆರಿಕದ ವಿದ್ವಾಂಸರ 1970ರ ಪುಸ್ತಕ ಆ ಮಾತನ್ನು ಲೋಕಕ್ಕೆಲ್ಲ ಹರಡಿತು. ಅದೇ ಮೆಕ್ ಕೆನಡಾದ ಉತ್ತರ ತುದಿಯ ದ್ವೀಪದಲ್ಲಿ ಬಿಡುಬೀಸಾಗಿದ್ದ ತೋಳಗಳನ್ನು ಅನೇಕ ಬೇಸಗೆ ನೋಡಿದ ಮೇಲೆ 1999ರಲ್ಲಿ ಬರೆದದ್ದೇ ಬೇರೆ. ಕಾಡಿನ ತೋಳದ ಗುಂಪೆಂದರೆ ಅಪ್ಪ, ಅಮ್ಮ, ಮಕ್ಕಳು, ಅಷ್ಟೇ. ತಮ್ಮ ಹಳೆಯ ಪುಸ್ತಕದ ಮುದ್ರಣ ನಿಲ್ಲಿಸಿರೆಂದು ಅವರೇ ಪ್ರಕಾಶಕರನ್ನು ಕೇಳಿಕೊಂಡರು. ವಿದ್ವಾಂಸರು ಮಾತು ಹಿಂದಕ್ಕೆ ತೆಗೆದುಕೊಂಡ ಸುದ್ದಿ ನಮ್ಮ ಬೆಟ್ಟಗಳವರೆಗೆ ಇನ್ನೂ ಬಂದಿಲ್ಲ. ಜೈಲಿನಲ್ಲಿ ಕೂಡಿಹಾಕಿದ ಜನರನ್ನು ನೋಡಿ ಮನುಷ್ಯರ ಸಂಸಾರ ಹೀಗೆ ಎಂದು ಬರೆದಂತೆ ಆಗಿತ್ತು ಆ ಮೊದಲ ಮಾತು.

ಹೊಡೆದು ಕಲಿಸಿದರೆ ಕಲಿಯುವುದಿಲ್ಲವೇ ಎಂದರೆ, ಕಲಿಯುತ್ತದೆ. ನಾವೆಲ್ಲ ಮಗ್ಗಿ ಕಲಿತದ್ದು ಹಾಗೆಯೇ. ಆದರೆ ಕಲಿಯುವುದು ಪಾಠವನ್ನೊಂದೇ ಅಲ್ಲ. 2020ರಲ್ಲಿ ಪೋರ್ಚುಗಲ್ಲಿನ ಸಂಶೋಧಕರು ಬೇರೆ ಬೇರೆ ತರಬೇತಿ ಶಾಲೆಗಳ 92 ನಾಯಿಗಳನ್ನು ಪರೀಕ್ಷಿಸಿ ಪ್ರಕಟಿಸಿದರು. ಎಳೆದು, ಗದರಿ ಕಲಿಸುವ ಶಾಲೆಯ ನಾಯಿಗಳು ಹೆಚ್ಚು ಏದುಸಿರು ಬಿಡುತ್ತಿದ್ದವು, ತರಬೇತಿಯ ನಂತರ ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಹೆಚ್ಚಿತ್ತು. ಒಳಗೆ ತಿಂಡಿ ಇದೆಯೋ ಇಲ್ಲವೋ ತಿಳಿಯದ ಬಟ್ಟಲಿನ ಬಳಿ ಹೋಗಲು ಅವು ಹಿಂಜರಿದವು. ಒಳ್ಳೆಯದೇನೂ ಇರಲಾರದೆಂದು ಅವಕ್ಕೆ ಮೊದಲೇ ಗೊತ್ತಾಗಿತ್ತು ಎನ್ನಬಹುದು.

ಈ ಹುಡುಕಾಟದ ನಡುವೆ ಒಂದು ಸಂಜೆ ನಮಗೆ ಬೆಳಕು ತೋರಿಸಿದವರು ಯಾವ ತರಬೇತುದಾರರೂ ಅಲ್ಲ, ನಮ್ಮ ಕಾಫಿ, ಮೆಣಸು ಕೊಳ್ಳುವ ಬ್ಯಾರಿ ವ್ಯಾಪಾರಿಗಳು. ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುವುದು. ಅವರು ನಾಯಿ ಮುಟ್ಟುವವರಲ್ಲ, ರಾಕಿಯನ್ನು ಕಟ್ಟಿದ ಮೇಲೆಯೇ ಗೇಟು ದಾಟುವವರು. ನಮ್ಮ ಕಷ್ಟ ಕೇಳಿ, “ನೀವು ಮೇಷ್ಟ್ರ ಸರ್ಟಿಫಿಕೇಟು ಯಾಕೆ ನೋಡ್ತೀರಿ, ನಾಯಿಯದ್ದು ನೋಡಿ” ಎಂದರು. ನಾಯಿಯದ್ದೆಂಥ ಸರ್ಟಿಫಿಕೇಟು ಕಾಕ ಎಂದೆವು. ಆಗ ಅವರು ಎಳೆಯರಿದ್ದಾಗ ಮದ್ರಸದಲ್ಲಿ ಕೇಳಿದ ಪಾಠ ಹೇಳಿದರು.

ಕುರ್‌ಆನಿನ ಮಾಇದ ಅಧ್ಯಾಯದಲ್ಲಿ, ಮನುಷ್ಯರು ಕಲಿಸಿದ ಬೇಟೆಪ್ರಾಣಿ ಹಿಡಿದು ತಂದದ್ದನ್ನು ತಿನ್ನಲು ಅನುಮತಿ ಇದೆ. ಹಾಗಾದರೆ ಕಲಿತ ನಾಯಿ ಯಾವುದು, ಕಲಿಯದ್ದು ಯಾವುದು? ಊಟದ ಪ್ರಶ್ನೆಯಾದ್ದರಿಂದ ಧರ್ಮಶಾಸ್ತ್ರದ ಪಂಡಿತರು ಇದನ್ನು ಶತಮಾನಗಳ ಹಿಂದೆಯೇ ಕೂತು ಚರ್ಚಿಸಿದ್ದಾರೆ. ಕಳಿಸಿದರೆ ಹೋಗಬೇಕು. ತಡೆದರೆ ನಿಲ್ಲಬೇಕು. ಹಿಡಿದದ್ದನ್ನು ತಾನು ತಿನ್ನದೆ ಒಡೆಯನಿಗಾಗಿ ಇಟ್ಟಿರಬೇಕು. ಅದೂ ಒಂದು ಸಲ ಮಾಡಿದರೆ ಆಗಲಿಲ್ಲ, ಮತ್ತೆ ಮತ್ತೆ ಮಾಡಬೇಕು. ಮೂರು ಸಲ ತಿನ್ನದೆ ಬಿಟ್ಟರೆ ಕಲಿತ ಹಾಗೆ ಎಂದು ಕೆಲವರು ಲೆಕ್ಕ ಇಟ್ಟರು. ಇಮಾಮ್ ಅಬೂಹನೀಫಾ(ರ)ರವರು ಲೆಕ್ಕ ಇಡಲಿಲ್ಲ, ಬೇಟೆ ಬಲ್ಲವರ ಅಂದಾಜಿಗೆ ಬಿಟ್ಟರು. “ಕಲಿಸಿದವನು ಯಾರು, ಎಷ್ಟು ದೊಡ್ಡವನು ಅಂತ ಅಲ್ಲಿ ಕೇಳೋದಿಲ್ಲ. ತಡೆದರೆ ನಿಲ್ತದಾ? ಅಷ್ಟೇ” ಎಂದರು ಕಾಕ.

ತೋಳು ಹಿಡಿದು ಬಿಡದಿದ್ದ ಆ ಕಾವಲುನಾಯಿ ನಮಗೆ ನೆನಪಾಯಿತು. ಆ ಲೆಕ್ಕದಲ್ಲಿ ಅದು ಕಲಿತ ನಾಯಿಯೇ ಅಲ್ಲ. ಅಷ್ಟು ಹಣ ಕೊಟ್ಟು ಕಲಿಸಿದ್ದರು!

ನಿಜವಾದ ಕೆಲಸದ ನಾಯಿಗಳನ್ನು ಹೇಗೆ ತಯಾರು ಮಾಡುತ್ತಾರೆಂದು ಆಮೇಲೆ ವಿಚಾರಿಸಿದೆವು. ಬಂಡೀಪುರದ ಹುಲಿ ಸಂರಕ್ಷಿತ ಪ್ರದೇಶದಲ್ಲಿದ್ದ ರಾಣಾ ಎಂಬ ಜರ್ಮನ್ ಶೆಫರ್ಡ್ ಹೆಸರನ್ನು ಓದುಗರು ಕೇಳಿರಬಹುದು. 2019ರಲ್ಲಿ ಮನುಷ್ಯರನ್ನು ಕೊಂದ ಹುಲಿಯ ಜಾಡು ಹಿಡಿಯುವುದಕ್ಕೂ ಅದನ್ನು ಬಳಸಿದ್ದರು. ಅದು ಕಲಿತದ್ದು ಭೋಪಾಲಿನ ಪೊಲೀಸ್ ಬೆಟಾಲಿಯನ್ನಿನ ಕೇಂದ್ರದಲ್ಲಿ. ಅಲ್ಲಿನ ಪಾಠ ಸುಮಾರು ಒಂಬತ್ತು ತಿಂಗಳು. ನಾಯಿಯ ಜೊತೆ ಅದನ್ನು ನೋಡಿಕೊಳ್ಳುವ ಅರಣ್ಯ ಇಲಾಖೆಯ ಸಿಬ್ಬಂದಿಯೂ ಹೋಗಿ, ಅಲ್ಲೇ ಇದ್ದು ಕಲಿಯುತ್ತಾರೆ. ನಾಯಿಯನ್ನು ಒಬ್ಬನ ಹತ್ತಿರ ಬಿಟ್ಟುಬಂದು ಇಪ್ಪತ್ತೊಂದು ದಿನಕ್ಕೆ ವಾಪಸು ಪಡೆಯುವ ಪದ್ಧತಿ ಅಲ್ಲಿಲ್ಲ. ಅದು ಮಿಕ್ಸಿ ರಿಪೇರಿಗೆ ಸರಿ.

ನಾಲ್ಕನೆಯವರು ಇಪ್ಪತ್ತೆಂಟು ಮೂವತ್ತರ ಒಬ್ಬ ಹೆಣ್ಣುಮಗಳು. ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಬಂದರು. ಪ್ರಮಾಣಪತ್ರ ತೋರಿಸಲಿಲ್ಲ. ಗ್ಯಾರಂಟಿ ಕೊಡುತ್ತೀರಾ ಎಂದದ್ದಕ್ಕೆ “ಜೀವ ಇರೋದಕ್ಕೆ ಯಾರೂ ಗ್ಯಾರಂಟಿ ಕೊಡೋಕಾಗಲ್ಲ ಅಮ್ಮ” ಎಂದು ನಮ್ಮಲ್ಲಿ ಹಿರಿಯರಿಗೆ ಹೇಳಿದರು. ಅರ್ಧ ಗಂಟೆ ನಾಯಿಯನ್ನು ಮುಟ್ಟಲೇ ಇಲ್ಲ. ದೂರ ಕೂತು ನಮ್ಮನ್ನೇ ಪ್ರಶ್ನೆ ಕೇಳಿದರು. ಎಷ್ಟು ಹೊತ್ತು ಕಟ್ಟಿರುತ್ತೀರಿ, ಎಲ್ಲಿ ಮಲಗುತ್ತದೆ, ಯಾರನ್ನು ಕಂಡರೆ ಹೆಚ್ಚು ಬೊಗಳುತ್ತದೆ. ಆಮೇಲೆ, ಅದು ತಲೆ ಒಂದೇ ಕಡೆಗೆ ಕೊಡವುತ್ತಿದೆ, ಮೊದಲು ಕಿವಿ ಡಾಕ್ಟರಿಗೆ ತೋರಿಸಿ, ನೋವಿರುವ ನಾಯಿಗೆ ಪಾಠ ಹತ್ತುವುದಿಲ್ಲ ಎಂದರು. ಪಶು ಆಸ್ಪತ್ರೆಯಲ್ಲಿ ನೋಡಿದರೆ ಮಳೆಗಾಲದ ತೇವಕ್ಕೆ ಕಿವಿಯೊಳಗೆ ಸೋಂಕು. ಔಷಧಿ ಬಿಟ್ಟ ಎರಡು ವಾರಕ್ಕೆ ತಲೆ ಮುಟ್ಟಲು ಬಿಡದ ನಾಯಿ ಬಿಡತೊಡಗಿತು. ಉಳಿದ ಮೂವರೂ ಕಂಡದ್ದು ಇದೇ ನಾಯಿಯನ್ನು.

ತಪ್ಪು ಮಾಡಿದಾಗ ಏನು ಮಾಡುತ್ತೀರೆಂಬ ನಮ್ಮ ಪ್ರಶ್ನೆಗೂ ಅವರ ಹತ್ತಿರ ಗುಟ್ಟಿರಲಿಲ್ಲ. ತಪ್ಪು ಮಾಡಿದರೆ ತಿಂಡಿ ಸಿಗುವುದಿಲ್ಲ, ಎರಡು ಸಲ ತಪ್ಪಿದರೆ ನಾನು ಕೊಟ್ಟ ಪಾಠ ದೊಡ್ಡದಾಯಿತೆಂದು ಅರ್ಥ, ಚಿಕ್ಕದು ಮಾಡಬೇಕು ಎಂದರು. ಕಲಿಸುವುದು ಇಲ್ಲೇ ಅಂಗಳದಲ್ಲಿ, ನಮ್ಮೆಲ್ಲರ ಎದುರು, ನಮ್ಮ ಕೈಯಿಂದಲೇ. ತಮಗೆ ಆಗದ್ದನ್ನೂ ಹೇಳಿದರು. ಕಚ್ಚಿ ಗಾಯ ಮಾಡಿದ ಚರಿತ್ರೆ ಇರುವ ನಾಯಿಯಾದರೆ ಪಶುವೈದ್ಯಕೀಯ ಕಾಲೇಜಿನವರನ್ನು ಕೇಳಿಯೇ ಮುಂದುವರಿಯುತ್ತೇನೆ, ಒಬ್ಬಳೇ ಕೈಹಾಕುವುದಿಲ್ಲ ಎಂದರು. ನಾಲ್ವರಲ್ಲಿ ‘ನನಗೆ ಆಗುವುದಿಲ್ಲ’ ಎಂಬ ಪದ ಬಂದದ್ದು ಇವರ ಬಾಯಲ್ಲಿ ಮಾತ್ರ.

ಅವರನ್ನೇ ಗೊತ್ತುಮಾಡಿದೆವು. ಬಿಸ್ಕತ್ತಿಗೆ ರಾಕಿ ಸೊಪ್ಪು ಹಾಕಲಿಲ್ಲ, ಒಣಮೀನಿಗೆ ಸೋತಿತು. ಸಿಳ್ಳೆ, ಒಣಮೀನು, ಸಿಳ್ಳೆ, ಒಣಮೀನು. ಮೊದಲು ಅಂಗಳದಲ್ಲಿ ನಾಲ್ಕು ಹೆಜ್ಜೆಯಿಂದ, ಆಮೇಲೆ ಕಣದ ಆಚೆ ತುದಿಯಿಂದ, ಆಮೇಲೆ ಉದ್ದ ಹಗ್ಗ ಕಟ್ಟಿ ತೋಟದೊಳಗಿಂದ. ಕೆಲಸದವರ ಪರಿಚಯವೂ ಹಾಗೆಯೇ. ಮೂತಿಗೆ ಬುಟ್ಟಿ ಹಾಕಿ, ದೂರದಲ್ಲಿ ನಿಲ್ಲಿಸಿ, ಕೊಪ್ಪೆ ಹಾಕಿದವರು ಒಬ್ಬೊಬ್ಬರು ಹಾದುಹೋದಾಗ ಒಂದೊಂದು ತುಂಡು. ಲೈನ್ ಮನೆಯ ಮಕ್ಕಳಿಗೆ ಇದು ಆಟವಾಯಿತು. ಆದರೂ ಮಕ್ಕಳನ್ನು ಅದರ ಹತ್ತಿರ ಒಂಟಿಯಾಗಿ ಬಿಡಬಾರದೆಂಬ ನಿಯಮ ಇವತ್ತಿಗೂ ಇದೆ.

ಐದು ತಿಂಗಳಾಯಿತು. ಅದರಲ್ಲಿ ಮಳೆಗೆ ಕೆಟ್ಟ ದಿನಗಳೂ, ಮೇಷ್ಟ್ರು ಬರಲಾಗದ ವಾರಗಳೂ ಸೇರಿವೆ. ಕಳೆದ ತಿಂಗಳು ಒಂದು ನಸುಕಿನಲ್ಲಿ ತೋಟದ ಕೆಳಗೆ ಬೈನೆ ಮರ ಮುರಿಯುವ ಸದ್ದಾಯಿತು. ರಾಕಿ ಬೊಗಳುತ್ತ ಕಾಫಿ ಗಿಡಗಳೊಳಗೆ ಓಡಿತು. ಸಿಳ್ಳೆ ಹಾಕಿದೆವು. ಬೊಗಳುವುದು ನಿಂತಿತು, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಮೈತುಂಬ ಇಬ್ಬನಿ ಮಾಡಿಕೊಂಡು ಬಂದು ಕಾಲ ಬಳಿ ಕೂತು ಒಣಮೀನಿಗೆ ಬಾಯಿ ತೆರೆಯಿತು. ಹಿಂದೆ ಯಾರೂ ಬಂದಿರಲಿಲ್ಲ.

ಕಾಕನಿಗೆ ಇದನ್ನು ಹೇಳಿದೆವು. “ಒಂದು ಸಲ ಆಯ್ತು. ಇನ್ನೂ ಎರಡು ಸಲ ನೋಡಿ” ಎಂದರು. ಈಗಲೂ ಅವರು ಬಂದಾಗ ಮೊದಲು ನಾಯಿಯನ್ನು ಕಟ್ಟಿಸುತ್ತಾರೆ. ರಾಕಿಗೆ ಗ್ಯಾಸ್ ಸಿಲಿಂಡರಿನವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಮುಂದಿನ ಭಾನುವಾರದ ಪಾಠ ಅದರ ಬಗ್ಗೆಯೇ. ಅವನು ಖಾಲಿ ಸಿಲಿಂಡರ್ ಉರುಳಿಸಿಕೊಂಡು ಗೇಟಿನ ಹೊರಗೆ ಹತ್ತು ಸಲ ಓಡಾಡಲು ಒಪ್ಪಿದ್ದಾನೆ.